ಸಹಿಯಾದ ಕರಾರಿಲ್ಲದೆ ಮಾಡಿದ ಅನುವಾದಕ್ಕೆ ಈಗ ಹಳೆಯ ತಾರೀಕಿನ ಕಾಗದ ಬಂದಿದೆ. ಸಹಿ ಹಾಕಬಹುದೇ?

ಪ್ರಶ್ನೆ: ಅನುವಾದಕಿ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದಲೇ ಇಂಗ್ಲಿಷ್–ಕನ್ನಡ ಅನುವಾದ ಮಾಡುತ್ತೇನೆ. ಕಳೆದ ಜೂನ್‌ನಲ್ಲಿ ಬೆಂಗಳೂರಿನ ಒಂದು ಕಂಪನಿಯಿಂದ ಕರೆ ಬಂತು. ಮೊಬೈಲ್ ಆ್ಯಪಿನಲ್ಲಿ ಶಾಲಾ ಪಾಠ ಕೊಡುವ ಕಂಪನಿ ಅದು. ಎಂಟು ಮತ್ತು ಒಂಬತ್ತನೆಯ ತರಗತಿಯ ವಿಜ್ಞಾನ ಪಾಠಗಳನ್ನು ಕನ್ನಡಕ್ಕೆ ತರಬೇಕಿತ್ತು. ಅಲ್ಲಿನ ಸಂಯೋಜಕಿ ಫೋನಿನಲ್ಲಿ ಮಾತಾಡಿ ಪದಕ್ಕೆ ಒಂದೂಕಾಲು ರೂಪಾಯಿ ಎಂದು ಒಪ್ಪಿದರು, ಆ ದರವನ್ನು ಇಮೇಲಿನಲ್ಲೂ ಬರೆದರು. ಮಾದರಿಗೆಂದು ಬೆಳಕಿನ ಪ್ರತಿಫಲನದ ಪಾಠ ಮಾಡಿಕೊಟ್ಟೆ, ಮೆಚ್ಚಿಕೊಂಡರು. ಕರಾರು ಪತ್ರ ಎಲ್ಲಿ ಎಂದು ಕೇಳಿದ್ದಕ್ಕೆ, ‘ಲೀಗಲ್ ವಿಭಾಗದಲ್ಲಿದೆ, ಬಂದ ಕೂಡಲೇ ಕಳಿಸುತ್ತೇನೆ. ಶಾಲೆಗಳು ಆಗಲೇ ಶುರುವಾಗಿವೆ, ನೀವು ಕೆಲಸ ಹಿಡಿಯಿರಿ’ ಎಂದರು.

ಹಿಡಿದೆ. ಮೊದಲ ಬಿಲ್ 32,000 ಪದಗಳದ್ದು, 40,000 ರೂಪಾಯಿ. ಆಗಸ್ಟ್‌ನಲ್ಲಿ ಶೇಕಡಾ 10ರಷ್ಟು ತೆರಿಗೆಯನ್ನು (ಟಿಡಿಎಸ್) ಮುರಿದು 36,000 ರೂಪಾಯಿಯನ್ನು ಖಾತೆಗೆ ಹಾಕಿದರು. ಯಾವ ತಕರಾರೂ ಇರಲಿಲ್ಲ. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಮತ್ತೆರಡು ಬಿಲ್ ಕಳಿಸಿದೆ. ಎರಡೂ ಸೇರಿ 38,400 ಪದ, 48,000 ರೂಪಾಯಿ. ಆ ಹಣ ಈ ಫೆಬ್ರುವರಿಯವರೆಗೂ ಬಂದಿಲ್ಲ.

ನಡುವೆ ಆ ಸಂಯೋಜಕಿ ಕೆಲಸ ಬಿಟ್ಟರು. ಅವರ ಜಾಗಕ್ಕೆ ಬಂದ ಮ್ಯಾನೇಜರ್ ಒಂದೊಂದು ಸಲ ಒಂದೊಂದು ಕಾರಣ ಕೊಡುತ್ತಾರೆ. ಮೊದಲು, ಕಡತದಲ್ಲಿ ಕರಾರೂ ಇಲ್ಲ, ಪರ್ಚೇಸ್ ಆರ್ಡರೂ ಇಲ್ಲ, ಆದ್ದರಿಂದ ಲೆಕ್ಕಪತ್ರ ವಿಭಾಗ ಹಣ ಬಿಡುವುದಿಲ್ಲ ಎಂದರು. ಆಮೇಲೆ, ಎಣಿಸಬೇಕಾದದ್ದು ಇಂಗ್ಲಿಷ್ ಪದಗಳನ್ನಲ್ಲ, ಕನ್ನಡ ಪದಗಳನ್ನು ಎಂದರು. ಅವರ ಲೆಕ್ಕದಲ್ಲಿ ಅದು 26,900 ಪದವಂತೆ, 33,625 ರೂಪಾಯಿಯಂತೆ. ಜನವರಿಯಲ್ಲಿ ಹೊಸದಾಗಿ, ಕೆಲವು ಪಾಠಗಳ ಭಾಷೆ ಕಠಿಣವಾಗಿದೆ, ತಿದ್ದಿಕೊಡಬೇಕು ಎಂದರು. ಯಾವ ಪಾಠ, ಯಾವ ಸಾಲು ಎಂದು ಕೇಳಿದರೆ ಉತ್ತರವಿಲ್ಲ. ಜಿಎಸ್‌ಟಿ ಸಂಖ್ಯೆ ಇಲ್ಲದ ಬಿಲ್ ನಡೆಯುವುದಿಲ್ಲ ಎಂಬ ಮಾತೂ ಒಮ್ಮೆ ಬಂತು.

ಕಳೆದ ವಾರ ಹನ್ನೊಂದು ಪುಟಗಳ ಕರಾರು ಕಳಿಸಿದ್ದಾರೆ. ಅದರ ಮೇಲೆ ಇರುವುದು ಕಳೆದ ಜೂನ್ 10ರ ತಾರೀಕು. ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳಿಸಿದರೆ 33,625 ರೂಪಾಯಿ ಬಿಡುಗಡೆ ಮಾಡುತ್ತಾರಂತೆ. ಒಳಗೆ ಓದಿದರೆ, ಅನುವಾದದ ಎಲ್ಲ ಹಕ್ಕುಗಳೂ ಶಾಶ್ವತವಾಗಿ ಕಂಪನಿಗೆ. ಕೇಳಿದಷ್ಟು ಸಲ ಉಚಿತವಾಗಿ ತಿದ್ದಿಕೊಡಬೇಕು. ಕಂಪನಿಗೆ ತೃಪ್ತಿಯಾದ ಮೇಲೆ 90 ದಿನಗಳಲ್ಲಿ ಹಣ. ವ್ಯಾಜ್ಯವಾದರೆ ದೆಹಲಿಯಲ್ಲಿ ಮಧ್ಯಸ್ಥಿಕೆ. ಜೂನ್‌ನಲ್ಲಿ ಇವುಗಳಲ್ಲಿ ಒಂದು ಮಾತೂ ಆಗಿರಲಿಲ್ಲ.

ಪಾಠಗಳು ಆಗಲೇ ಆ್ಯಪಿನಲ್ಲಿವೆ. ಸಾಗರದಲ್ಲಿರುವ ಅಕ್ಕನ ಮಗ ಎಂಟನೆಯ ತರಗತಿ. ಸಂಕ್ರಾಂತಿಗೆ ಬಂದಿದ್ದಾಗ ಅವನ ಮೊಬೈಲಿನಲ್ಲಿ ನೋಡಿದೆ, ಸೂಕ್ಷ್ಮಜೀವಿಗಳ ಪಾಠದಲ್ಲಿ ಒಂದು ಅಕ್ಷರವನ್ನೂ ಬದಲಿಸದೆ ನನ್ನ ವಾಕ್ಯಗಳನ್ನೇ ಹಾಕಿದ್ದಾರೆ. ಭಾಷೆ ಕಠಿಣವಾಗಿದ್ದರೆ ಹಾಗೇ ಏಕೆ ಹಾಕಿದರು?

ನನಗೆ ತಿಳಿಯಬೇಕಿರುವುದು ಇಷ್ಟು. ಸಹಿಯಾದ ಕಾಗದ ಇಲ್ಲದಿದ್ದರೆ ನಿಜವಾಗಿಯೂ ನನಗೆ ಕೇಳುವ ಹಕ್ಕಿಲ್ಲವೇ? ಈ ಕಾಗದಕ್ಕೆ ಸಹಿ ಹಾಕಿ ಸಿಕ್ಕಷ್ಟು ತೆಗೆದುಕೊಳ್ಳುವುದು ಮೇಲೇ? ಮಗಳ ಹಾಸ್ಟೆಲ್ ಶುಲ್ಕ ಕಟ್ಟುವ ದಿನ ಹತ್ತಿರ ಬಂದಿದೆ, ಹೀಗಾಗಿ ತುಂಬಾ ಕಾಯುವ ಸ್ಥಿತಿಯಲ್ಲೂ ಇಲ್ಲ.


ಉತ್ತರ: ಡಿಸೈನರ್, ಬೆಂಗಳೂರು

ಅಕ್ಕ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೂ ನಾನಾಗಿದ್ದರೆ ಸಹಿ ಹಾಕಿ 33,625 ತೆಗೆದುಕೊಂಡು ಆ ಕಂಪನಿಯ ಸಹವಾಸ ಬಿಡುತ್ತಿದ್ದೆ. ಹದಿನಾಲ್ಕು ಸಾವಿರದ ಚಿಲ್ಲರೆಗಾಗಿ ವಕೀಲರು, ಕೋರ್ಟು ಎಂದು ಓಡಾಡಿದರೆ ಅದರ ಎರಡರಷ್ಟು ಖರ್ಚಾಗುತ್ತದೆ, ಬೇರೆ ಕೆಲಸವೂ ಕೆಡುತ್ತದೆ. ದೊಡ್ಡ ಕಂಪನಿಗಳ ಎದುರು ಒಬ್ಬರೇ ನಿಲ್ಲುವುದು ಸುಲಭವಲ್ಲ. ಮಗಳ ಶುಲ್ಕ ಮೊದಲು ಕಟ್ಟಿ.


ಉತ್ತರ: ಅನುವಾದ ಮತ್ತು ಕರಡು ತಿದ್ದುವ ಕೆಲಸ, ಧಾರವಾಡ

ತಂಗಿ, ಆ ಹನ್ನೊಂದು ಪುಟಕ್ಕೆ ಸಹಿ ಹಾಕಬೇಡಿ. ಮೇಲೆ ಬರೆದ ತಮ್ಮ ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾನೆ. ಶುಲ್ಕದ ದಿನ ತಲೆಯ ಮೇಲೆ ಬಂದಾಗ ಬಂದಷ್ಟು ಬರಲಿ ಎನ್ನಿಸುವುದು ಸಹಜ. ಆದರೆ ಇಲ್ಲಿ ಕೈ ಬಿಟ್ಟು ಹೋಗುವುದು ಹದಿನಾಲ್ಕು ಸಾವಿರ ಮಾತ್ರ ಅಲ್ಲ. ಅದಕ್ಕಿಂತ ಬೆಲೆಯುಳ್ಳದ್ದು ಇನ್ನೂ ನಿಮ್ಮ ಕೈಯಲ್ಲಿದೆ, ಅವರು ಕೇಳುತ್ತಿರುವುದೇ ಅದನ್ನು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು, ಕರಾರು ಇಲ್ಲ ಎಂಬ ಮಾತು. ಕರಾರು ಇದೆ. ಇಲ್ಲದಿರುವುದು ಸಹಿಯಾದ ಕಾಗದ. 1872ರ ಭಾರತೀಯ ಕರಾರು ಕಾಯ್ದೆ ಇಂಥ ಕೆಲಸಕ್ಕೆ ಕಾಗದವೇ ಬೇಕೆಂದು ಹೇಳುವುದಿಲ್ಲ. ಇಬ್ಬರೂ ಮನಃಪೂರ್ವಕ ಒಪ್ಪಿರಬೇಕು, ಕೆಲಸ ಕಾನೂನುಬದ್ಧವಾಗಿರಬೇಕು, ಅದಕ್ಕೆ ಪ್ರತಿಫಲ ನಿಗದಿಯಾಗಿರಬೇಕು. ಅವರು ದರ ಬರೆದರು, ನೀವು ಪಾಠ ಕಳಿಸಿದಿರಿ, ಅವರು ತೆಗೆದುಕೊಂಡರು. ಅದೇ ಕಾಯ್ದೆಯ 70ನೆಯ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಪುಕ್ಕಟೆ ಎಂಬ ಉದ್ದೇಶವಿಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭವನ್ನು ಉಂಡವರು ಅದಕ್ಕೆ ತಕ್ಕ ಬೆಲೆ ಕೊಡಬೇಕು. ಗೋಡೆ ಕಟ್ಟಿಸಿಕೊಂಡು ಅದರೊಳಗೆ ಸಂಸಾರ ಹೂಡಿದವನು, ಮೇಸ್ತ್ರಿಯ ಜೊತೆ ಕಾಗದ ಆಗಿಲ್ಲ, ಕೂಲಿ ಕೊಡುವುದಿಲ್ಲ ಎಂದರೆ ಊರು ಒಪ್ಪುತ್ತದೆಯೇ? ನಿಮ್ಮ ಅಕ್ಕನ ಮಗನ ಮೊಬೈಲಿನಲ್ಲಿ ಕಂಡ ಪಾಠ ಇದಕ್ಕೆ ನೇರ ಸಾಕ್ಷಿ. ಇವತ್ತೇ ಆ ಪಾಠಗಳ ಪುಟಗಳನ್ನು ತಾರೀಕು ಕಾಣುವ ಹಾಗೆ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ನೀವು ಕಳಿಸಿದ ಕಡತವನ್ನೂ ಇಡಿ.

ಈಗ ಮೊದಲ ಬಿಲ್ ತೆಗೆದು ಮುಂದಿಟ್ಟುಕೊಳ್ಳಿ. ನಿಮ್ಮ ಇಡೀ ವಾದ ಆ ಒಂದು ಹಾಳೆಯಲ್ಲಿದೆ. ಅದರಲ್ಲಿ 32,000 ಪದ ಎಂದಿದೆ. ಅದು ಇಂಗ್ಲಿಷ್ ಪದಗಳ ಲೆಕ್ಕ. ಅವರು ಅದನ್ನು ನೋಡಿದರು, ಒಪ್ಪಿದರು, 4,000 ಮುರಿದು 36,000 ಕಟ್ಟಿದರು. ದರ ಎಷ್ಟು, ಎಣಿಕೆ ಯಾವುದರದ್ದು ಎಂಬ ಎರಡೂ ಪ್ರಶ್ನೆಗಳಿಗೆ ಕಂಪನಿಯೇ ಹಣ ಕಟ್ಟಿ ಉತ್ತರ ಕೊಟ್ಟಾಗಿದೆ. ಪರ್ಚೇಸ್ ಆರ್ಡರ್ ಇಲ್ಲದೆ ಹಣ ಬಿಡುವುದಿಲ್ಲ ಎನ್ನುವ ಲೆಕ್ಕಪತ್ರ ವಿಭಾಗ ಆಗಸ್ಟ್‌ನಲ್ಲಿ ಹೇಗೆ ಬಿಟ್ಟಿತು? ಆದಾಯ ತೆರಿಗೆ ಜಾಲತಾಣದಲ್ಲಿ ನಿಮ್ಮ ಪ್ಯಾನ್ ಸಂಖ್ಯೆಯಿಂದ ಒಳಹೋಗಿ 26ಎಎಸ್ ಎಂಬ ತೆರಿಗೆ ವಿವರದ ಪಟ್ಟಿ ಇಳಿಸಿಕೊಳ್ಳಿ. ಕಂಪನಿಯ ಹೆಸರು, ತೆರಿಗೆ ಮುರಿಯುವವರಿಗೆ ಇರುವ ಟ್ಯಾನ್ ಸಂಖ್ಯೆ, ಕೊಟ್ಟ ಮೊತ್ತ, ಮುರಿದ ತೆರಿಗೆ ಎಲ್ಲವೂ ಅದರಲ್ಲಿರುತ್ತದೆ. ನಿಮಗೆ ಕೆಲಸ ಕೊಟ್ಟಿದ್ದೇವೆ, ಹಣ ಕೊಟ್ಟಿದ್ದೇವೆ ಎಂದು ಅವರು ಸರ್ಕಾರಕ್ಕೆ ತಾವಾಗಿ ತಿಳಿಸಿದ ದಾಖಲೆ ಅದು.

ಕನ್ನಡ ಪದ ಎಣಿಸುವ ಈ ತಂತ್ರ ನಮ್ಮ ಕಸುಬಿನಲ್ಲಿ ಹಳೆಯದು. ನಮ್ಮ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುತ್ತವೆ, ಇಂಗ್ಲಿಷಿನಲ್ಲಿ ಅವು ಬಿಡಿಯಾಗಿ ನಿಲ್ಲುತ್ತವೆ. ಹೀಗಾಗಿ ಇಂಗ್ಲಿಷಿನಲ್ಲಿ ಸಾವಿರ ಪದವಿದ್ದ ಪಾಠ ಕನ್ನಡದಲ್ಲಿ ಏಳುನೂರರ ಆಸುಪಾಸಿಗೆ ಇಳಿಯುತ್ತದೆ. ಕೆಲಸವೇನೂ ಇಳಿಯುವುದಿಲ್ಲ, ಓದಿ ಅರ್ಥ ಮಾಡಿಕೊಳ್ಳಬೇಕಾದದ್ದು ಅಷ್ಟೇ ಇರುತ್ತದೆ. ಕೆಲಸ ಒಪ್ಪುವಾಗಲೇ ಮೂಲದ ಪದಗಳ ಮೇಲೆ ದರ ಎಂದು ಒಂದು ಸಾಲು ಬರೆಸಿಕೊಳ್ಳುವುದು ಇದಕ್ಕಾಗಿಯೇ. ನಿಮ್ಮ ವಿಷಯದಲ್ಲಿ ಮೊದಲ ಬಿಲ್ಲೇ ಆ ಸಾಲು.

ಕಠಿಣ ಭಾಷೆ ಎಂಬ ತಕರಾರಿಗೂ ಕಾಲವಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ ನಮ್ಮಂಥವರ ಸೇವೆಗೂ ಅನ್ವಯಿಸುತ್ತದೆ. ಅದರ ಪ್ರಕಾರ, ಕೆಲಸ ತಲುಪಿದ 15 ದಿನಗಳಲ್ಲಿ ಬರಹದಲ್ಲಿ ಆಕ್ಷೇಪ ಬರದಿದ್ದರೆ ಅದನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಮೊದಲೇ ದಿನ ಗೊತ್ತುಮಾಡಿರದಿದ್ದರೆ, ಒಪ್ಪಿಕೊಂಡ 15 ದಿನಗಳಲ್ಲಿ ಹಣ ಕೊಡಬೇಕು. ಬರಹದಲ್ಲಿ ದಿನ ಗೊತ್ತುಮಾಡಿಕೊಂಡರೂ ಅದು 45 ದಿನ ದಾಟುವಂತಿಲ್ಲ. ಅವರ 90 ದಿನದ ಷರತ್ತು ಈ ಕಾಯ್ದೆಯ ಎದುರು ನಿಲ್ಲುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದೂ ತಿಂಗಳ ಲೆಕ್ಕದಲ್ಲಿ. ಇದಕ್ಕೆಲ್ಲ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಎಂದು ಸರ್ಕಾರದಲ್ಲಿ ಮಾಡಿಸಿದ ನೋಂದಣಿ, ಇರಬೇಕು. ಅದು ಆನ್‌ಲೈನಿನಲ್ಲಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ನಿಮಗೆ ಇದೆಯೇ, ಯಾವಾಗ ಮಾಡಿಸಿದಿರಿ ಎಂಬುದನ್ನು ಇಲ್ಲಿ ತಿಳಿಸಿ.

ಜಿಎಸ್‌ಟಿ ಮಾತು ಬಿಡಿ. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ನೋಂದಣಿ ಬೇಡ. ಆ ಸಂಖ್ಯೆ ಇಲ್ಲದ ಬಿಲ್ಲಿಗೇ ಅವರು ಆಗಸ್ಟ್‌ನಲ್ಲಿ ಹಣ ಕೊಟ್ಟಿದ್ದಾರೆ.

ಇನ್ನು ನಾನು ಹೇಳಬೇಕೆಂದಿದ್ದ ಮುಖ್ಯ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅನುವಾದವೂ ಒಂದು ಸಾಹಿತ್ಯ ಕೃತಿ. ಸಂಬಳದ ನೌಕರಳಲ್ಲದ ಅನುವಾದಕಿಯೇ ಅದರ ಮೊದಲ ಹಕ್ಕುದಾರಳು. ಆ ಹಕ್ಕು ಬೇರೆಯವರಿಗೆ ಹೋಗಬೇಕಾದರೆ 19ನೆಯ ಸೆಕ್ಷನ್ ಪ್ರಕಾರ ಬರಹ ಇರಬೇಕು, ಅದಕ್ಕೆ ಹಕ್ಕುದಾರರ ಸಹಿ ಇರಬೇಕು. ಮೂಲ ಪಾಠ ಕಂಪನಿಯದ್ದು, ಸರಿ. ಕನ್ನಡದ ವಾಕ್ಯಗಳು ಈ ಗಳಿಗೆಯವರೆಗೂ ನಿಮ್ಮವು. ನಿಮ್ಮ ಹಣಕ್ಕೆ ಸಹಿಯಾದ ಕಾಗದ ಬೇಕಿಲ್ಲ, ಅವರ ಹಕ್ಕಿಗೆ ಬೇಕು. ಏಳೆಂಟು ತಿಂಗಳು ಲೀಗಲ್ ವಿಭಾಗದಲ್ಲಿ ಮಲಗಿದ್ದ ಕಾಗದ ಈಗ ಎದ್ದು ಬಂದಿದ್ದೇಕೆ? ಲೆಕ್ಕಪರಿಶೋಧಕರೋ ಹೂಡಿಕೆದಾರರೋ, ಈ ಕನ್ನಡ ಪಾಠಗಳ ಹಕ್ಕು ಯಾರದ್ದು ಎಂದು ಕೇಳಿರಬೇಕು ಎಂದು ನನ್ನ ಊಹೆ. ನೀವು ಸಹಿ ಹಾಕಿದ ಕ್ಷಣಕ್ಕೆ ಅವರಿಗೆ ಬೇಕಾದದ್ದು ಸಿಕ್ಕಿತು. ನಿಮಗೆ ಸಿಗುವುದೋ, ‘ತೃಪ್ತಿಯಾದ ಮೇಲೆ 90 ದಿನ’. ಆ ಕಾಗದದ ಪ್ರಕಾರ 33,625 ಕೂಡ ತಕ್ಷಣ ಕೊಡಬೇಕಾಗಿಲ್ಲ, ಇನ್ನೊಮ್ಮೆ ಓದಿ ನೋಡಿ.

ಹಾಗೆಂದು ಪಾಠ ತೆಗೆಸುತ್ತೇನೆ ಎಂದು ಹೆದರಿಸಲು ಹೋಗಬೇಡಿ. ಮಕ್ಕಳು ಓದುತ್ತಿರುವ ಪಾಠ ಅದು, ನಿಮಗೂ ಅದು ಬೇಕಾಗಿಲ್ಲ. ಸೌಮ್ಯವಾಗಿ, ಗಟ್ಟಿಯಾಗಿ ಬರೆಯಿರಿ. ನಾನು ಬರೆದಿದ್ದರೆ ಹೀಗೆ ಬರೆಯುತ್ತಿದ್ದೆ, ಬೇಕಾದ ಹಾಗೆ ಬದಲಿಸಿಕೊಳ್ಳಿ:

‘ಜೂನ್‌ನಲ್ಲಿ ಇಮೇಲಿನಲ್ಲಿ ಒಪ್ಪಿದ, ಮೂಲದ ಪದಕ್ಕೆ 1.25 ರೂಪಾಯಿ ದರದಲ್ಲಿ ನಾನು ಅನುವಾದಿಸಿಕೊಟ್ಟ ಪಾಠಗಳನ್ನು ತಾವು ಸ್ವೀಕರಿಸಿ ಬಳಸುತ್ತಿದ್ದೀರಿ. ಮೊದಲ ಬಿಲ್ಲನ್ನು ಇದೇ ದರ, ಇದೇ ಎಣಿಕೆಯಲ್ಲಿ ಆಗಸ್ಟ್‌ನಲ್ಲಿ ಪಾವತಿಸಿದ್ದೀರಿ. ಎರಡನೆಯ ಮತ್ತು ಮೂರನೆಯ ಬಿಲ್ಲಿನ 48,000 ರೂಪಾಯಿ ಬಾಕಿ ಇದೆ. ಇಂಥ ದಿನಾಂಕದೊಳಗೆ ಪಾವತಿಸಬೇಕೆಂದು ಕೋರುತ್ತೇನೆ. ಪೂರ್ಣ ಮೊತ್ತ ಬಂದ ಮೇಲೆ ಈ ಪಾಠಗಳ ಹಕ್ಕು ವರ್ಗಾವಣೆಯ ಒಂದು ಪುಟದ ಪತ್ರಕ್ಕೆ ಆ ದಿನದ ತಾರೀಕು ಹಾಕಿ ಸಹಿ ಮಾಡಲು ನಾನು ಸಿದ್ಧ. ತಾವು ಕಳಿಸಿದ ಕರಾರಿನ ಷರತ್ತುಗಳು ಜೂನ್‌ನಲ್ಲಿ ಚರ್ಚೆಯಾದವಲ್ಲ, ಆದ್ದರಿಂದ ಅದಕ್ಕೆ ಸಹಿ ಮಾಡಲಾರೆ.’

ಇದನ್ನು ಮ್ಯಾನೇಜರಿಗೆ ಮಾತ್ರ ಕಳಿಸಬೇಡಿ. ಆಗಸ್ಟ್‌ನಲ್ಲಿ ಹಣ ಕಟ್ಟಿದವರು ಲೆಕ್ಕಪತ್ರ ವಿಭಾಗದವರು, ಅವರ ವಿಳಾಸಕ್ಕೂ ಹೋಗಲಿ. ಫೋನಿನಲ್ಲಿ ಮ್ಯಾನೇಜರ್ ಏನೇ ಹೇಳಿದರೂ ಫೋನ್ ಇಟ್ಟ ಕೂಡಲೇ ‘ಈಗ ತಾವು ಹೇಳಿದ್ದು ಹೀಗೆ’ ಎಂದು ಇಮೇಲ್ ಹಾಕಿ.

ನಾನೂ ಒಮ್ಮೆ ಈ ದಾರಿಯಲ್ಲಿ ನಡೆದಿದ್ದೇನೆ. ಹತ್ತಿ ಮತ್ತು ಮೆಣಸಿನಕಾಯಿಯ ಕೀಟಗಳ ಬಗ್ಗೆ ರೈತರಿಗೆ ಹಂಚುವ ಕಿರುಹೊತ್ತಗೆಗಳನ್ನು ಒಂದು ಜಾಹೀರಾತು ಸಂಸ್ಥೆಗೆ ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ಕರಾರು ಇರಲಿಲ್ಲ. ಹೊತ್ತಗೆ ಅಚ್ಚಾಗಿ ಹಾವೇರಿ ಕಡೆಯ ಅಂಗಡಿಗಳಲ್ಲಿ ಸಿಗುತ್ತಿತ್ತು, ನನ್ನ ಹಣ ಮಾತ್ರ ಬರಲಿಲ್ಲ. ಸಣ್ಣ ಉದ್ದಿಮೆಗಳ ಬಾಕಿಯ ದೂರಿಗೆಂದು ಕೇಂದ್ರ ಸರ್ಕಾರ ಆಗ ನಡೆಸುತ್ತಿದ್ದ ಸಮಾಧಾನ್ ಜಾಲತಾಣದಲ್ಲಿ ಅರ್ಜಿ ಹಾಕಿದೆ. ಅದುವರೆಗೆ ಇಮೇಲಿಗೆ ಉತ್ತರಿಸದವರು, ನೋಟಿಸ್ ಕೈಸೇರಿದ ಮೇಲೆ ತಾವೇ ಫೋನ್ ಮಾಡಿದರು. ಅಸಲು ಪೂರ್ತಿ ಬಂತು. ವಕೀಲರ ಖರ್ಚೂ ಬೀಳಲಿಲ್ಲ.

ಒಂದು ಮಾತು ಹೇಳದೆ ಇರಲಾರೆ. ಕನ್ನಡದ ಕೆಲಸ ಎಂದರೆ ಸೇವೆ, ಅದರಲ್ಲಿ ಕಾಸಿನ ಲೆಕ್ಕ ಹಿಡಿಯಬಾರದು ಎಂದು ನಮ್ಮವರೇ ನಮಗೆ ಹೇಳುತ್ತಾರೆ. ಆ ಆ್ಯಪಿನ ಚಂದಾ ಹಣವನ್ನು ಯಾರೂ ಸೇವೆ ಎಂದು ಬಿಟ್ಟುಕೊಡುವುದಿಲ್ಲ. ಎಂಟನೆಯ ತರಗತಿಯ ಹುಡುಗನಿಗೆ ತನ್ನ ಮಾತಿನಲ್ಲಿ ವಿಜ್ಞಾನ ಸರಿಯಾಗಿ ತಿಳಿಯುವ ಹಾಗೆ ಬರೆಯುವುದು ಕಷ್ಟದ ವಿದ್ಯೆ. ಅದನ್ನು ಬಲ್ಲವರು ಹಣ ಸಿಗದೆ ಬಿಟ್ಟುಹೋದರೆ ಆ ಹುಡುಗನ ಕೈಗೆ ಯಂತ್ರ ಉಗುಳಿದ ಕನ್ನಡ ಬರುತ್ತದೆ. ನಿಮ್ಮ 48,000ವನ್ನು ನೀವು ಕೇಳಿ ಪಡೆಯಬೇಕು ಎಂದು ನಾನು ಇಷ್ಟುದ್ದ ಬರೆಯುತ್ತಿರುವುದು ಅದಕ್ಕೂ ಸೇರಿ.


ಮರುಮಾತು: ಅನುವಾದಕಿ, ತೀರ್ಥಹಳ್ಳಿ

ಸರ್, ಇಷ್ಟು ವಿವರವಾಗಿ ಬರೆದದ್ದಕ್ಕೆ ನಿಮಗೆ ಋಣಿ. ಉದ್ಯಮ್ ನೋಂದಣಿ ನನಗಿದೆ. ಈ ಕೆಲಸ ಶುರುವಾಗುವ ಮುಂಚೆಯೇ, ಸಾಲದ ಅರ್ಜಿಗೆ ಬೇಕೆಂದು ಬ್ಯಾಂಕಿನವರು ಹೇಳಿದ್ದರಿಂದ ಮಾಡಿಸಿದ್ದೆ. ಬಿಲ್ಲಿನಲ್ಲಿ ಆ ಸಂಖ್ಯೆ ಹಾಕಿಲ್ಲ.

ನಿಮ್ಮ ಉತ್ತರ ಓದಿದ ಮೇಲೆ ಹಳೆಯದನ್ನೆಲ್ಲ ತೆಗೆದು ನೋಡಿದೆ. ಸಂಯೋಜಕಿ ಒಂದು ಗೂಗಲ್ ಶೀಟ್ ಮಾಡಿ ನನಗೂ ಹಂಚಿದ್ದರು. ಪಾಠದ ಸಂಖ್ಯೆ, ಕಡತದ ಹೆಸರು, ಮೂಲ ಪದಗಳು, ಬಂದ ದಿನ, ಪರಿಶೀಲನೆ ಎಂದು ಐದು ಕಲಮುಗಳು. ಮೂಲ ಪದಗಳ ಕಲಮನ್ನು ಕಂಪನಿಯವರೇ ತುಂಬಿದ್ದು, ನಾನು ಮುಟ್ಟಿಲ್ಲ. ಪರಿಶೀಲನೆಯ ಕಲಮಿನಲ್ಲಿ ಕೊನೆಯ ಪಾಠದವರೆಗೂ ‘ಓಕೆ’ ಎಂದು ಬರೆದು ಹಸಿರು ಬಣ್ಣ ಹಾಕಿದ್ದಾರೆ. ಇದು ಉಪಯೋಗಕ್ಕೆ ಬರುತ್ತದೆಯೇ?


ಉತ್ತರ: ವಕೀಲೆ, ಮೈಸೂರು

ಉಪಯೋಗಕ್ಕೆ ಬರುವುದಷ್ಟೇ ಅಲ್ಲ, ದರದ ಇಮೇಲ್ ಬಿಟ್ಟರೆ ನಿಮ್ಮಲ್ಲಿರುವ ಅತ್ಯಂತ ಬಲವಾದ ದಾಖಲೆ ಅದೇ. ಅದು ಕಂಪನಿಯ ಖಾತೆಯಲ್ಲಿದೆ, ಅವರು ಯಾವಾಗ ಬೇಕಾದರೂ ನಿಮ್ಮ ಪ್ರವೇಶ ತೆಗೆದುಹಾಕಬಹುದು. ಇದನ್ನು ಓದಿದ ಕೂಡಲೇ ಶೀಟನ್ನು ಎಕ್ಸೆಲ್ ಮತ್ತು ಪಿಡಿಎಫ್ ಎರಡೂ ರೂಪದಲ್ಲಿ ಇಳಿಸಿಕೊಳ್ಳಿ, ಹಂಚಿಕೆಯ ಆಹ್ವಾನ ಬಂದ ಇಮೇಲನ್ನೂ ಕಾದಿಡಿ. ಇಮೇಲ್ ಕಳಿಸುವುದು ಅದರ ನಂತರ.

ಧಾರವಾಡದ ಹಿರಿಯರು ಹೇಳಿದ್ದಕ್ಕೆ ಕೆಲವು ಮಾತು ಸೇರಿಸುತ್ತೇನೆ. ಇಮೇಲಿನಲ್ಲಿ ಒಪ್ಪಿಗೆಯಾಗಿದೆ ಎಂಬ ಕಾರಣಕ್ಕೆ ಕರಾರನ್ನು ತಳ್ಳಿಹಾಕುವಂತಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಹೇಳುತ್ತದೆ. 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಪ್ರಕರಣದಲ್ಲಿ, ಮುಖ್ಯ ಷರತ್ತುಗಳು ಇಮೇಲಿನಲ್ಲಿ ಇತ್ಯರ್ಥವಾಗಿದ್ದರೆ ವಿಧಿವತ್ತಾದ ಕರಾರು ಪತ್ರಕ್ಕೆ ಸಹಿ ಬಿದ್ದಿಲ್ಲ ಎಂಬುದು ಕರಾರನ್ನು ಅಳಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅದು ಕೋಟಿಗಳ ವ್ಯವಹಾರ, ತತ್ವ ನಿಮ್ಮ 48,000ಕ್ಕೂ ಅದೇ.

ಮೊಬೈಲಿನ ಚಾಟುಗಳ ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಂಡು ಮೂಲ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮೂಲ ಕಡತ, ಮೂಲ ಸಾಧನ ಇದ್ದರೆ ಅದು ಸುಲಭ. ಫೋನ್ ಬದಲಿಸುವ ಯೋಚನೆ ಇದ್ದರೆ ಸದ್ಯಕ್ಕೆ ಬೇಡ.

ಹಳೆಯ ತಾರೀಕು ಹಾಕುವ ವಿಷಯದಲ್ಲಿ ನಾನು ಇನ್ನೂ ಖಡಾಖಂಡಿತ. ಯಾವ ಕಾಗದಕ್ಕೇ ಆಗಲಿ, ಸಹಿ ಮಾಡಿದ ದಿನದ ತಾರೀಕನ್ನೇ ಹಾಕಿ. ಹಿಂದಿನ ದಿನದಿಂದ ಅನ್ವಯವಾಗಬೇಕಿದ್ದರೆ ‘ಇಂಥ ದಿನದಿಂದ ಅನ್ವಯ’ ಎಂದು ಒಳಗೆ ಬಹಿರಂಗವಾಗಿ ಬರೆಯಬಹುದು. ನೀವು ಜೂನ್ 10ರಂದೇ ಸಹಿ ಮಾಡಿದ್ದಿರಿ ಎಂದು ಕಾಗದ ಸುಳ್ಳು ಹೇಳಿದರೆ, ಆ 90 ದಿನ, ಆ ಉಚಿತ ತಿದ್ದುಪಡಿ ಎಲ್ಲವನ್ನೂ ಕೆಲಸಕ್ಕೆ ಮುಂಚೆಯೇ ಒಪ್ಪಿದ್ದಿರಿ ಎಂದಾಗುತ್ತದೆ.

ಉದ್ಯಮ್ ನೋಂದಣಿ ಕೆಲಸಕ್ಕೆ ಮುಂಚಿನದು ಎಂಬುದು ದೊಡ್ಡ ಅನುಕೂಲ. ನೋಂದಣಿಗೆ ಹಿಂದಿನ ಬಾಕಿಗೆ 2006ರ ಉದ್ದಿಮೆಗಳ ಕಾಯ್ದೆಯ ಲಾಭ ಸಿಗುವುದಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರಲ್ಲಿ ನೋಂದಣಿಯ ಆ ಪ್ರಶ್ನೆ ದೊಡ್ಡ ಪೀಠದ ಮುಂದೆ ಹೋಗಿದೆ. ಇದನ್ನು ಓದುತ್ತಿರುವ ಬೇರೆ ಅನುವಾದಕರು, ಚಿತ್ರಕಾರರು ಇವತ್ತೇ ನೋಂದಣಿ ಮಾಡಿಸಿಕೊಳ್ಳಿ, ನಾಳೆಯ ಕೆಲಸಕ್ಕೆ ಬರುತ್ತದೆ. ಈ ಕಾಯ್ದೆಯಡಿ ಬಾಕಿಗಾಗಿ ಹಾಕಿದ ಅರ್ಜಿ, ಇಂಥ ವ್ಯಾಜ್ಯ ತೀರಿಸುವ ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ಹೋಗುತ್ತದೆ. ಕೊಳ್ಳುವವರು ದೇಶದ ಯಾವ ಮೂಲೆಯಲ್ಲಿದ್ದರೂ ಸೇವೆ ಕೊಟ್ಟವರು ಇರುವ ಕಡೆಯ ಕೌನ್ಸಿಲ್‌ಗೆ ಅಧಿಕಾರವಿದೆ. ಮಧ್ಯಸ್ಥಿಕೆಯ ಷರತ್ತು ಇದ್ದರೂ ಈ ಕಾಯ್ದೆಯದೇ ಮೇಲುಗೈ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ದೆಹಲಿಯ ಮಾತಿಗೆ ಹೆದರಬೇಕಾಗಿಲ್ಲ.

ಖರ್ಚಿನ ಬಗ್ಗೆ ಬೆಂಗಳೂರಿನ ಸ್ನೇಹಿತರು ಹೇಳಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವು ಇದೆ. ಶಿವಮೊಗ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಿ. ದಾವೆ ಹೂಡುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆಸಬಹುದು. ಅಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬೆಲೆ. ದಾವೆಗೆ ಮೂರು ವರ್ಷ ಕಾಲಾವಕಾಶ ಇದೆ, ಆದ್ದರಿಂದ ಗಾಬರಿಯಲ್ಲಿ ಯಾವುದಕ್ಕೂ ಒಪ್ಪಬೇಕಾಗಿಲ್ಲ.

ಅವರು ಯಾವ ಕಾಗದವನ್ನೂ ಕೇಳದೆ 33,625 ಹಾಕಿದರೆ ಹಿಂದಿರುಗಿಸಬೇಡಿ, ಶುಲ್ಕಕ್ಕೆ ಬಳಸಿಕೊಳ್ಳಿ. ಅದೇ ದಿನ ‘ಇದನ್ನು ಭಾಗಶಃ ಪಾವತಿ ಎಂದು ಸ್ವೀಕರಿಸಿದ್ದೇನೆ, ಇನ್ನು 14,375 ರೂಪಾಯಿ ಬಾಕಿ ಇದೆ’ ಎಂದು ಇಮೇಲ್ ಮಾಡಿ. ಟಿಡಿಎಸ್ ಮುರಿದಿದ್ದರೆ ಅದನ್ನೂ ಲೆಕ್ಕದಲ್ಲಿ ತೋರಿಸಿ.


ಮರುಮಾತು: ಅನುವಾದಕಿ, ತೀರ್ಥಹಳ್ಳಿ

ಶೀಟ್ ಇಳಿಸಿಕೊಂಡು, ಮರುದಿನ ಬೆಳಿಗ್ಗೆ ಇಮೇಲ್ ಕಳಿಸಿದೆ. ಸರ್ ಬರೆದ ಒಕ್ಕಣೆಯನ್ನೇ ಬಹುಪಾಲು ಇಟ್ಟು ಇಂಗ್ಲಿಷಿಗೆ ಮಾಡಿಕೊಂಡೆ. ಎರಡು ಬಿಲ್, ಶೀಟಿನ ಪಿಡಿಎಫ್, 26ಎಎಸ್ ಪುಟ, ಉದ್ಯಮ್ ಪ್ರಮಾಣಪತ್ರ ಲಗತ್ತಿಸಿದೆ. ಲೆಕ್ಕಪತ್ರ ವಿಭಾಗಕ್ಕೂ ಹಾಕಿದೆ.

ಮ್ಯಾನೇಜರಿಂದ ಇವತ್ತು ಎರಡು ಸಾಲಿನ ಉತ್ತರ ಬಂದಿದೆ. ‘ಫೈನಾನ್ಸ್ ಜೊತೆ ಮಾತಾಡಿ ತಿಳಿಸುತ್ತೇವೆ, ಒಂದು ಪುಟದ ಹಕ್ಕು ಪತ್ರದ ಕರಡು ಕಳಿಸಿ’ ಎಂದಿದ್ದಾರೆ. ಕನ್ನಡ ಪದಗಳ ಎಣಿಕೆಯ ಮಾತು ಈ ಸಲ ಇಲ್ಲ, ಕಠಿಣ ಭಾಷೆಯ ಮಾತೂ ಇಲ್ಲ. ಕರಡು ಈಗಲೇ ಕಳಿಸಲೇ? ಅವರು ತಿಳಿಸುವವರೆಗೆ ಸುಮ್ಮನಿರಲೇ?


ಉತ್ತರ: ಅನುವಾದ ಮತ್ತು ಕರಡು ತಿದ್ದುವ ಕೆಲಸ, ಧಾರವಾಡ

ಕರಡು ಕಳಿಸಿ, ಸಹಿ ಇಲ್ಲದೆ. ಅದರಲ್ಲಿ ಪಾಠಗಳ ಹೆಸರನ್ನು ಶೀಟಿನಲ್ಲಿರುವ ಕ್ರಮದಲ್ಲೇ ಪಟ್ಟಿ ಮಾಡಿ. ‘48,000 ರೂಪಾಯಿ ಪೂರ್ಣವಾಗಿ ಸಂದಾಯವಾದ ಮೇಲೆ ಮಾತ್ರ ಈ ವರ್ಗಾವಣೆ ಜಾರಿಗೆ ಬರುತ್ತದೆ’ ಎಂಬ ಸಾಲನ್ನು ಮರೆಯಬೇಡಿ. ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ ಎಂಬುದನ್ನು ಅವರು ಬರೆಸಲು ಕೇಳುತ್ತಾರೆ. ಬರೆಯದೆ ಬಿಟ್ಟರೆ ಕಾಯ್ದೆಯ ಪ್ರಕಾರ ಐದು ವರ್ಷ, ಭಾರತದೊಳಗೆ ಎಂದಾಗುತ್ತದೆ. ಅದಕ್ಕಿಂತ ಹೆಚ್ಚು ಬೇಕೆಂದರೆ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಅನುವಾದಕಿಯ ಹೆಸರನ್ನು ಆ್ಯಪಿನಲ್ಲಿ ಹಾಕಬೇಕು ಎಂದು ಈಗಲೇ ಕೇಳಿ. ಹಕ್ಕು ಬರೆದುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ 57ನೆಯ ಸೆಕ್ಷನ್‌ನಲ್ಲಿ ನಿಮಗಿದ್ದೇ ಇದೆ.

ಸುಮ್ಮನೆ ಕಾಯಬೇಡಿ. ಕರಡಿನ ಇಮೇಲಿನಲ್ಲೇ ಫೆಬ್ರುವರಿ ಕೊನೆಯ ದಿನವನ್ನು ಗಡುವಾಗಿ ಬರೆಯಿರಿ. ಲೆಕ್ಕಪತ್ರ ವಿಭಾಗದವರಿಗೆ ಒಂದು ಸಾಲು ಬೇರೆಯಾಗಿ ಹಾಕಿ: ಸೂಕ್ಷ್ಮ ಉದ್ದಿಮೆಗೆ ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಮಾರ್ಚ್ 31ರೊಳಗೆ ಕೊಡದಿದ್ದರೆ ಈ ವರ್ಷದ ಖರ್ಚೆಂದು ತೋರಿಸಲು 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಸೆಕ್ಷನ್ ಬಿಡುವುದಿಲ್ಲ. 2023ರಲ್ಲಿ ಸೇರಿಸಿದ ಈ ನಿಯಮ ಪ್ರತಿ ಲೆಕ್ಕಿಗನಿಗೂ ಗೊತ್ತು. ಮ್ಯಾನೇಜರಿಗೆ ಇಲ್ಲದ ಅವಸರ ಅವರಿಗೆ ಇರುತ್ತದೆ. ಗಡುವು ದಾಟಿದ ಮೊದಲ ಸೋಮವಾರ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ತುಂಬಿ. ತುಂಬುವಾಗ ಎಲ್ಲಾದರೂ ತೊಡಕಾದರೆ ಇಲ್ಲಿ ಬರೆಯಿರಿ, ನಾನು ಸಂಜೆ ಏಳರ ಮೇಲೆ ನೋಡುತ್ತಿರುತ್ತೇನೆ.